ಮುಳ್ಳಿನಾಚೆ ನಿಂತ ಹಾಲಿನ ಗಾಡಿ

ಮುಖ ತೋರಿಸಿದರೆ ಗುರುತು ಸಿಗದೆ, ಮುಖ ಮುಚ್ಚಿಕೊಂಡರೆ ಥಟ್ಟನೆ ಗುರುತು ಸಿಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ಹೋದ ವಾರ ನೋಡಿದೆ.

ಚಳ್ಳಕೆರೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆ. (ಡಾಕ್ಟರ್ ಬೇಡ ಅಂದಿದ್ದಾರೆ. ಅದಕ್ಕೇ ಮನೆಯಿಂದ ಇಷ್ಟು ದೂರ.) ಒಬ್ಬ ಬಂದು ಎದುರಿಗೆ ನಿಂತು, "ಸಾರ್, ಅವ್ವ ಆರಾಮಾಗವ್ರಾ?" ಅಂದ.

ಯಾರಿವನು? "ಆರಾಮ್, ಆರಾಮ್" ಅಂತ ಗುರುತಿಲ್ಲದವರಿಗೆ ಕೊಡುವ ನಗುವನ್ನೇ ಕೊಟ್ಟೆ. ಅವನಿಗೆ ಗೊತ್ತಾಗಿಹೋಯಿತು. ಹೆಗಲ ಮೇಲಿನ ಟವೆಲ್ ತೆಗೆದು ಮೂಗು, ಬಾಯಿ ಮುಚ್ಚಿಕೊಂಡು ಹಿಂದೆ ಗಂಟು ಹಾಕಿದ. "ಈಗ?" ಅಂದ.

"ಅಯ್ಯೋ, ಹಾಲಿನ ಗಾಡಿ!" ಅಂತ ಕೂಗಿಯೇಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಲಾಕ್‌ಡೌನ್ ದಿನಗಳು ನೆನಪಿವೆಯಲ್ಲ? ನಾನು ಚಳ್ಳಕೆರೆಯಲ್ಲಿ, ಅವ್ವ ದೇವಸಮುದ್ರದ ಕಡೆಯ ನಮ್ಮೂರಿನಲ್ಲಿ, ತಮ್ಮನ ಮನೆಯಲ್ಲಿ. ತಮ್ಮ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವನು, ಗಡಿ ಬಂದ್ ಆಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಅವ್ವನಿಗೆ ದಿನವೂ ಇನ್ಸುಲಿನ್ ಬೇಕು. ಮೊಳಕಾಲ್ಮೂರಿನ ಅಂಗಡಿಗಳಲ್ಲಿ ಅದು ಖಾಲಿ.

ನಮ್ಮ ಸೀಮೆಯಲ್ಲಿ ರೊಟ್ಟಿ ಬುತ್ತಿಯಿಂದ ಹಿಡಿದು ಮದುವೆ ಕಾರ್ಡಿನವರೆಗೆ ಏನೇ ಕಳಿಸಬೇಕಿದ್ದರೂ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರಾಯಿತು. ಸ್ಟಾಪಿನಲ್ಲಿ ಯಾರೋ ಇಳಿಸಿಕೊಳ್ಳುತ್ತಾರೆ. ಬಸ್ಸೇ ಇಲ್ಲದಾಗ? ರಸ್ತೆಯಲ್ಲಿ ಓಡುತ್ತಿದ್ದುದು ಹಾಲಿನ ಗಾಡಿ ಮಾತ್ರ. ಇನ್ಸುಲಿನ್ ಬಾಟಲಿಗೆ ಬಟ್ಟೆ ಸುತ್ತಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ಅದರ ಡ್ರೈವರನಿಗೆ ಕೊಟ್ಟೆ. ಅವನು ಫ್ಲಾಸ್ಕನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗಿಟ್ಟ. "ಅವ್ವನ ಕೈಗೇ ಕೊಡ್ತೀನಿ ಸಾರ್" ಅಂದ.

ಬಿಸಿಲೇರುವ ಹೊತ್ತಿಗೆ ಅವನ ಫೋನು. "ಸಾರ್, ಊರೊಳಗೆ ಬಿಡ್ತಿಲ್ಲ. ದಾರಿಗೆ ಮುಳ್ಳು ಹಾಕವ್ರೆ."

ಅವ್ವನ ಹತ್ತಿರವಿದ್ದ ಇನ್ಸುಲಿನ್ ಆ ಬೆಳಿಗ್ಗೆಗೇ ಮುಗಿದಿತ್ತು. ಅವ್ವನ ಫೋನು ಎಂದಿನಂತೆ ಸ್ವಿಚ್ ಆಫ್. ತಮ್ಮನ ಹೆಂಡತಿಯದು ರಿಂಗಾದರೂ ಎತ್ತುವವರಿಲ್ಲ. ನಾನು ಹೋಗೋಣವೆಂದರೆ ಚಳ್ಳಕೆರೆ ದಾಟುವಲ್ಲೇ ಪೊಲೀಸರ ಬ್ಯಾರಿಕೇಡ್.

ಆ ಮುಳ್ಳು ಯಾರ ಹೊಲದ್ದು ಗೊತ್ತಾ? ನಮ್ಮದೇ! ಕೊರೋನಾ ಊರೊಳಗೆ ಬರಬಾರದು ಅಂತ ಹಿಂದಿನ ಸಂಜೆ ಜಾಲಿ ಕಡಿಸಿ ಕೊಟ್ಟವಳು ಸಾಕ್ಷಾತ್ ನಮ್ಮವ್ವ. "ಇನ್ನೊಂದು ಕೊಂಬೆ ಎಳೀರಲೇ, ನರಪಿಳ್ಳೆ ನುಸೀಬಾರ್ದು" ಅಂತ ಖುದ್ದಾಗಿ ನಿಂತು ಹಾಕಿಸಿದ್ದಳಂತೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ತಾನೇ?

ಮುಂದಿನದನ್ನು ಹೋದ ವಾರ ಅವನೇ ಚಹಾ ಕುಡಿಯುತ್ತಾ ಹೇಳಿದ. ಕಾವಲಿದ್ದವರು "ಯಾರೂ ಬರಂಗಿಲ್ಲ" ಅಂದರಂತೆ. ಆಮೇಲೆ ಅದನ್ನೇ "ಎವರೂ ರಾಕೂಡದು" ಅಂತ ತೆಲುಗಿನಲ್ಲೂ ಅಂದರಂತೆ. (ಕೊರೋನಾಗೆ ಯಾವ ಭಾಷೆ ಬರುತ್ತೋ ಏನೋ!) ಹೊರಗಿನ ಸಾಮಾನು ಮುಟ್ಟುವುದಿಲ್ಲ ಅಂತ ಫ್ಲಾಸ್ಕನ್ನೂ ತೆಗೆದುಕೊಳ್ಳಲಿಲ್ಲ. ಹೆಸರು ಕೇಳಿದರು. ಖಾಸಿಂ ಅಂದ. ಇನ್ನಷ್ಟು ಹಿಂದಕ್ಕೆ ಸರಿದರು. ಇದನ್ನು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಮುಂದಿನ ಊರಿನಲ್ಲಿ ಹಾಲಿನ ಕ್ಯಾನುಗಳು ಬಿಸಿಲಿಗೆ ಕಾಯುತ್ತಿದ್ದವು. ತಡವಾದರೆ ಒಡೆಯುತ್ತದೆ, ಬೈಗುಳ ಇವನಿಗೆ. ಗಾಡಿ ತಿರುಗಿಸಿಕೊಂಡು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಹೋಗಲಿಲ್ಲ. ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ.

ಆ ಸದ್ದಿಗೆ ಇಡೀ ಊರು ಹೊರಗೆ ಬಂತು. "ಯಾವನ್ಲೇ ಅವ್ನು, ಕಿವಿ ತೂತು ಮಾಡ್ತಾವ್ನೆ?" ಅಂತ ಬೈಯಲು ಬಂದ ಅವ್ವನಿಗೆ ಗಾಡಿಯ ಫುಟ್‌ಬೋರ್ಡ್ ಮೇಲೆ ನಿಂತು ಫ್ಲಾಸ್ಕ್ ತೋರಿಸಿದ. "ಅವ್ವಾ, ನಿಮ್ದೇ! ಇನ್ಸುಲಿನ್!"

"ನಮ್ ಹೊಲದ ಮುಳ್ಳು, ನಾನೇ ತೆಗೀತೀನಿ. ಯಾವನು ತಡೀತಾನೋ ತಡೀಲಿ" ಅಂತ ಅವ್ವ ಸೆರಗು ಸುತ್ತಿಕೊಂಡು ಬರಿಗೈಯಲ್ಲೇ ಜಾಲಿ ಎಳೆದಳಂತೆ. ಮಧ್ಯಾಹ್ನ ತಮ್ಮನ ಹೆಂಡತಿಯ ಫೋನಿನಿಂದ ನನಗೆ ಅಂದದ್ದು ಇಷ್ಟೇ: "ಬಂತು ಕಣಪ್ಪ. ಐಸ್ ಇನ್ನೂ ಕರಗಿಲ್ಲ. ಕೈಗೆ ಮುಳ್ಳು ಚುಚ್ಚೈತೆ, ಅಷ್ಟೇ." ಹೋದ ಜೀವ ಬಂದಂತಾಯಿತು. ಮಹಡಿಗೆ ಹೋಗಿ ಒಬ್ಬನೇ ಅತ್ತೆ.

ಅದೇ ಮಹಡಿಯಲ್ಲಿ ನಿಂತು ನಾವು ತಟ್ಟೆ ಬಾರಿಸಿದ್ದೆವು. ಡಾಕ್ಟರಿಗೆ, ನರ್ಸಿಗೆ. ಸರಿಯೇ. ಹಾಲು ತಂದವನಿಗೆ? ಕಸ ಒಯ್ದವಳಿಗೆ? ಕಂಬ ಹತ್ತಿದ ಲೈನ್‌ಮನ್‌ಗೆ? ಅವರೆಲ್ಲ ಬಟ್ಟೆ ಕಟ್ಟಿದ ಮುಖದಲ್ಲೇ ಬಂದರು. ಬಟ್ಟೆ ಬಿಚ್ಚಿದ ಮೇಲೆ ನಮಗೆ ಅಪರಿಚಿತರಾದರು. ನನ್ನ ಫೋನಿನಲ್ಲಿ ಖಾಸಿಂ ನಂಬರ್ ಇಂದಿಗೂ 'ಹಾಲಿನ ಗಾಡಿ'.

ಆ ಮಿರ್ಚಿ ಅಂಗಡಿಯಿಂದಲೇ ಅವ್ವನಿಗೆ ಫೋನ್ ಮಾಡಿದೆ. (ಪುಣ್ಯಕ್ಕೆ ಆನ್ ಆಗಿತ್ತು.) "ಅವ್ವಾ, ಹಾಲಿನ ಗಾಡಿಯವನು ಸಿಕ್ಕವ್ನೆ."

"ಖಾಸಿಂ ಅನ್ನಲೇ. ಅವ್ನಿಗೆ ಹೆಸ್ರಿಲ್ವಾ? ಕೊಡು ಅವ್ನಿಗೆ."

ಸ್ಪೀಕರ್ ಹಾಕಿದೆ. "ಏನಪ್ಪಾ ಖಾಸಿಂ, ದಿನಾ ನಮ್ಮೂರ ಮುಂದೇನೇ ಹಾರ್ನ್ ಹೊಡ್ಕಂಡು ಹೋಗ್ತೀಯಾ. ಒಂದಿನ ಮನೆಗೆ ಉಣ್ಣಾಕ್ ಬರಬಾರ್ದಾ?"

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಕರೆದಿದ್ರೆ ಬರ್ತಿದ್ದೆ ಅವ್ವಾ" ಅಂದ.

ಮುಳ್ಳನ್ನೇನೋ ಅವತ್ತೇ ತೆಗೆದೆವು. ಒಳಗೆ ಬಾ ಅನ್ನುವುದಕ್ಕೆ ಇಷ್ಟು ವರ್ಷ ಬೇಕಾಯಿತಾ?