ಉಡಿದಾರದಲ್ಲಿದ್ದ ಬೀಗದಕೈ

ನಾನು ಚಿಕ್ಕವನಿದ್ದಾಗ ನನ್ನ ಉಡಿದಾರಕ್ಕೆ ಒಂದು ಕಬ್ಬಿಣದ ಬೀಗದಕೈ ಕಟ್ಟಿದ್ದರು. ನನ್ನ ಗೇಣಿನಷ್ಟು ಉದ್ದವಿತ್ತು. ಅದರ ಬೀಗ ಯಾವ ಕಾಲದಲ್ಲೋ ತುಕ್ಕು ಹಿಡಿದು ಹಾಳಾಗಿತ್ತು. ಆದ್ದರಿಂದ ಅದರಿಂದ ತೆಗೆಯುವುದಕ್ಕೆ ಯಾವ ಬಾಗಿಲೂ ಇರಲಿಲ್ಲ, ಯಾವ ಪೆಟ್ಟಿಗೆಯೂ ಇರಲಿಲ್ಲ. ನಾನು ನಡೆದರೆ ಅದು ಪಕ್ಕದ ತಾಯಿತಕ್ಕೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ಓಡಿದರೆ ತೊಡೆಗೆ ಬಡಿದು ನೋವಾಗುತ್ತಿತ್ತು. ನಿಮ್ಮ ಸ್ಕೂಲ್ ಬ್ಯಾಗಿಗೆ ನೇತುಹಾಕಿಕೊಂಡ ಕೀ ಚೈನುಗಳು ಮನೆ ತುಂಬ ಸದ್ದು ಮಾಡಿದರೆ ತಾತ ಯಾಕೆ ಸಿಡುಕುತ್ತಾನೆ ಎಂದು ಕೇಳುತ್ತೀರಲ್ಲ, ಅದಕ್ಕೆ ಕಾರಣ ಈ ಬೀಗದಕೈ. ಇದು ನಗಿಸುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಬೀಗದಕೈ ಇದ್ದದ್ದು ನನಗಾಗಿ ಅಲ್ಲ, ಅಕ್ಕನಿಗಾಗಿ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳ ಜಡೆಯಿಂದ ಯಾವಾಗಲೂ ಸೀಗೆಕಾಯಿ ವಾಸನೆ ಬರುತ್ತಿತ್ತು. ಲೆಕ್ಕದಲ್ಲಿ ಬಹಳ ಚುರುಕು. ಆದರೆ ಅವಳಿಗೆ ಮೂರ್ಛೆ ರೋಗವಿತ್ತು. ಈಗ ನೀವು ಫಿಟ್ಸ್ ಎನ್ನುತ್ತೀರಲ್ಲ, ಅದು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಇದ್ದಕ್ಕಿದ್ದ ಹಾಗೆ ಕೆಳಗೆ ಬೀಳುತ್ತಿದ್ದಳು. ಕೈಕಾಲು ಅದುರುತ್ತಿದ್ದವು, ಕಣ್ಣು ಮೇಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತು, ನಿದ್ದೆಯಿಂದ ಎದ್ದವಳ ಹಾಗೆ ನಮ್ಮ ಮುಖಗಳನ್ನು ನೋಡುತ್ತಿದ್ದಳು.

ಅಷ್ಟೇ ಆಗಿದ್ದರೆ ಅಕ್ಕನಿಗೆ ಕಷ್ಟ ಅರ್ಧವೂ ಇರುತ್ತಿರಲಿಲ್ಲ. ಉಳಿದದ್ದನ್ನು ನಮ್ಮ ಊರು ಸೇರಿಸಿತು. ನಮ್ಮೂರು ಗುಬ್ಬಿಯಿಂದ ಎರಡು ಗಂಟೆ ನಡೆದರೆ ಸಿಗುತ್ತಿತ್ತು. ಅಲ್ಲಿ ಒಬ್ಬೊಬ್ಬರೂ ಒಂದೊಂದು ಬಗೆಯ ವೈದ್ಯರು. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದರು, ಇನ್ನೊಬ್ಬರು ಚಪ್ಪಲಿ ಮೂಸಿಸುತ್ತಿದ್ದರು. ಒಬ್ಬ ಮುದುಕ ಅವಳ ಹಲ್ಲುಗಳ ನಡುವೆ ಸೌಟು ತುರುಕಿ ಮುಂದಿನ ಹಲ್ಲನ್ನೇ ಮುರಿದ. ಈ ಎಲ್ಲದಕ್ಕಿಂತ ದೊಡ್ಡ ನಂಬಿಕೆ ಎಂದರೆ ಕಬ್ಬಿಣ. ಬಿದ್ದವರ ಕೈಯಲ್ಲಿ ಕಬ್ಬಿಣ ಇಟ್ಟರೆ ಮೂರ್ಛೆ ಬಿಟ್ಟುಹೋಗುತ್ತದೆ. ಕಬ್ಬಿಣ ಇಡುವ ಮೊದಲು ಬರಿಗೈಯಲ್ಲಿ ಮುಟ್ಟಿದರೆ ಮುಟ್ಟಿದವರಿಗೂ ರೋಗ ಬರುತ್ತದೆ. ಇದನ್ನು ನನಗೆ ಅಆಇಈಗಿಂತ ಮೊದಲು ಕಲಿಸಿದ್ದರು.

ಹಾಗಾಗಿ ಅಕ್ಕ ಹೋದಲ್ಲೆಲ್ಲ ನಾನು ಹೋಗಬೇಕು, ನನ್ನ ಸೊಂಟದಲ್ಲಿ ಬೀಗದಕೈ ಇರಬೇಕು ಎಂದು ಅಪ್ಪ ಕಟ್ಟುನಿಟ್ಟು ಮಾಡಿದ್ದ. ಅಪ್ಪ ಕೆಟ್ಟವನಲ್ಲ. ಅವನಿಗೆ ತಿಳಿದಿದ್ದ ಔಷಧಿ ಅದೊಂದೇ. ಅಕ್ಕನನ್ನು ಸ್ಕೂಲಿನಿಂದ ಬಿಡಿಸಿದ್ದರು. ಬೇರೆ ಹುಡುಗಿಯರು ಅವಳ ಜೊತೆ ಒಂದು ತಟ್ಟೆಯಲ್ಲಿ ಕಡಲೆಪುರಿಯನ್ನೂ ತಿನ್ನುತ್ತಿರಲಿಲ್ಲ. ಬೀದಿಯಲ್ಲಿ ಟಿಣ್ ಟಿಣ್ ಎಂದು ಕೇಳಿದರೆ ಸಾಕು, ಹುಡುಗರು ನೆಲಕ್ಕೆ ಬಿದ್ದು ಕೈಕಾಲು ಒದರಿ ಅಣಕಿಸುತ್ತಿದ್ದರು. ಅಕ್ಕ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ಅವಳಿಗೆ ರೋಗಕ್ಕಿಂತ ಆ ಸದ್ದಿನ ಮೇಲೆ ಸಿಟ್ಟು ಹೆಚ್ಚು.

ನನಗೆ ಎಂಟು ವರ್ಷವಾಗಿದ್ದ ಆ ವರ್ಷ ರಾಗಿ ಕೊಯ್ಲು ಮುಗಿದು ಹೊಲಗಳು ಖಾಲಿಯಾಗಿದ್ದವು. ಹೊಲಕ್ಕೆ ಗೊಬ್ಬರವಾಗಲಿ ಎಂದು ಅಪ್ಪ ಶಿರಾ ಕಡೆಯವರ ಕುರಿಮಂದೆಯನ್ನು ನಮ್ಮ ಹೊಲದಲ್ಲಿ ನಿಲ್ಲಿಸಿದ್ದ. ಕುರಿಯವರ ಜೊತೆ ಅಕ್ಕನ ವಯಸ್ಸಿನ ಒಬ್ಬ ಹುಡುಗಿ ಬಂದಿದ್ದಳು. ಮಾತು ಜೋರು, ನಗು ಇನ್ನೂ ಜೋರು. ಬಂದ ದಿನವೇ ಬಾವಿಯ ಹತ್ತಿರ ಅಕ್ಕನಿಗೂ ಅವಳಿಗೂ ಪರಿಚಯವಾಗಿತ್ತು. ಮಾರನೆಯ ಬೆಳಗ್ಗೆ ನಾವು ತೋಟಕ್ಕೆ ಹೊರಟಾಗ ಅಕ್ಕ ನನ್ನನ್ನು ಬಾಗಿಲ ಹಿಂದಕ್ಕೆ ಕರೆದಳು. ನನ್ನ ಅಂಗಿ ಎತ್ತಿ, ಉಡಿದಾರದಿಂದ ಬೀಗದಕೈಯನ್ನು ತಾನೇ ಬಿಚ್ಚಿ ಗೋಡೆಯ ಮೊಳೆಗೆ ಹಾಕಿದಳು.

"ಅವ್ವ ಬೈತಾಳೆ ಕಣಕ್ಕ," ಎಂದೆ.

"ಇವತ್ತೊಂದಿನ ಬ್ಯಾಡ ಕಣೋ. ಆ ಹುಡುಗಿಗೆ ನಂದು ಗೊತ್ತಿಲ್ಲ. ಒಬ್ಳಿಗಾದ್ರೂ ಗೊತ್ತಿಲ್ದೆ ಇರ್ಲಿ ಬುಡು."

ನಾನು ಒಪ್ಪಿದೆ. ನನಗೂ ಸೊಂಟ ಹಗುರವಾಗಿ ಹಾಯೆನ್ನಿಸಿತ್ತು.

ಮಕ್ಕಳೇ, ಆವತ್ತು ಬೆಳಗ್ಗೆ ಅಕ್ಕ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಬದುವಿನ ಮೇಲೆ ಹೊಂಗೆ ಹೂವು ಪುರಿ ಚೆಲ್ಲಿದ ಹಾಗೆ ಬಿದ್ದಿತ್ತು, ಅದನ್ನು ತುಳಿದುಕೊಂಡು ಅವರಿಬ್ಬರೂ ಒಂದು ತುಂಟ ಮರಿಯ ಹಿಂದೆ ಬಿದ್ದರು. ಕುರಿಯವರ ಹುಡುಗಿ ಅಕ್ಕನಿಗೆ ಉಣ್ಣೆಯ ಎಳೆ ತೆಗೆದು ಹುರಿ ಮಾಡುವುದನ್ನು ತೋರಿಸಿಕೊಟ್ಟಳು. ಅಕ್ಕನ ಎಳೆ ಮತ್ತೆ ಮತ್ತೆ ತುಂಡಾಗುತ್ತಿತ್ತು, ಇಬ್ಬರೂ ನಗುತ್ತಿದ್ದರು. ಹಸಿವಾದಾಗ ಆ ಹುಡುಗಿ ತನ್ನ ರಾಗಿರೊಟ್ಟಿಯನ್ನು ಬಿಚ್ಚಿದಳು. ಒಂದೇ ರೊಟ್ಟಿ, ಮೇಲೆ ಹುಚ್ಚೆಳ್ಳಿನ ಪುಡಿ. ಅರ್ಧ ಮುರಿದು ಅಕ್ಕನ ಕೈಗೆ ಕೊಟ್ಟಳು, ಅಕ್ಕ ಕುಡಿದ ಚೊಂಬಿನಲ್ಲೇ ತಾನೂ ನೀರು ಕುಡಿದಳು. ಅಕ್ಕ ಆ ಚೊಂಬನ್ನೇ ನೋಡುತ್ತಾ ಕುಳಿತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಿಸಿಲೇರಿದ ಮೇಲೆ ಅಪ್ಪ ಕಪಿಲೆ ಹೂಡಿದ. ಆಗ ಪಂಪ್‌ಸೆಟ್ ಇರಲಿಲ್ಲ. ಎರಡು ಎತ್ತುಗಳು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ತೊಗಲಿನ ಚೀಲದಲ್ಲಿ ಬಾವಿಯ ನೀರು ಎತ್ತುತ್ತಿದ್ದವು, ಅದಕ್ಕೆ ಕಪಿಲೆ ಎನ್ನುತ್ತಿದ್ದರು. ಬಾವಿ ತೋಟದ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಎಳೆಯ ತೆಂಗಿನ ಸಸಿಗಳ ಸುತ್ತ ಮಾಡಿದ ಪಾತಿಗಳಿಗೆ ನೀರು ಬರುತ್ತಿತ್ತು. ಒಂದು ಪಾತಿ ತುಂಬಿದರೆ ಮಣ್ಣು ಎಳೆದು ನೀರನ್ನು ಮುಂದಿನ ಪಾತಿಗೆ ತಿರುಗಿಸುವುದು ಅಕ್ಕನ ಕೆಲಸ. ಕುರಿಯವರ ಹುಡುಗಿ ಬದುವಿನಾಚೆಗೆ ಹೋದ ಮರಿಗಳನ್ನು ಹೊಡೆದುಕೊಂಡು ಬರಲು ಹೋಗಿದ್ದಳು. ಅಕ್ಕ ಅವಳ ಹಾಗೆಯೇ ಜೋರಾಗಿ ಏನೋ ಹೇಳಿ ನಕ್ಕಳು. ಆ ನಗು ಅರ್ಧಕ್ಕೆ ನಿಂತಿತು. ಗುದ್ದಲಿ ಕೈಯಿಂದ ಜಾರಿತು, ಅಕ್ಕ ಬಿದ್ದಳು.

ಅವಳು ಬಿದ್ದದ್ದು ಪಾತಿಯಲ್ಲಿ, ಮುಖ ಕೆಳಗಾಗಿ. ಪಾತಿಯಲ್ಲಿ ನೀರಿತ್ತು. ಎಷ್ಟು ನೀರು ಗೊತ್ತಾ? ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ.

ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಬರೀ ದಾರ. ಬರಿಗೈಯಲ್ಲಿ ಮುಟ್ಟಬಾರದು ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ನಾನು ಮುಟ್ಟಲಿಲ್ಲ. ಮನೆಯ ಕಡೆಗೆ ಓಡಿದೆ.

ದಾರಿ ಬಾವಿಯ ಪಕ್ಕದಲ್ಲೇ ಇತ್ತು. ಅಪ್ಪ ಎತ್ತುಗಳ ಹಿಂದೆ ಇದ್ದವನು ನನ್ನನ್ನು ನೋಡಿ, "ಎಲ್ಲಿಗ್ಲಾ ಓಡ್ತಿದೀಯ?" ಎಂದು ಕೂಗಿದ. ನಿಂತು ಹೇಳಬಹುದಿತ್ತು. ಹೇಳಿದರೆ ಬೀಗದಕೈ ಎಲ್ಲೋ ಎಂದು ಕೇಳುತ್ತಾನೆ, ಹೊಡೆಯುತ್ತಾನೆ ಎಂದು ಹೆದರಿದೆ. "ಮನೇಗೆ" ಎಂದಷ್ಟೇ ಹೇಳಿ ಓಡಿದೆ. "ಬ್ಯಾಗ ಬಾ, ಅಕ್ಕ ಒಬ್ಳೆ ಅವ್ಳೆ" ಎಂದು ಅಪ್ಪ ಎತ್ತುಗಳ ಕಡೆಗೆ ತಿರುಗಿದ.

ಮೊಳೆ ನನಗೆ ಎಟುಕಲಿಲ್ಲ. ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿದೆ. ಒಮ್ಮೆ ಜಾರಿ ಬಿದ್ದೆ, ಮತ್ತೆ ಹತ್ತಿದೆ. ಬೀಗದಕೈ ಹಿಡಿದು ಹೊರಗೆ ಬಂದಾಗ ಹಿತ್ತಲಲ್ಲಿದ್ದ ಅವ್ವ ಅದನ್ನು ನೋಡಿದಳು. ಬೀಗದಕೈ ನನ್ನ ಸೊಂಟದಲ್ಲಿಲ್ಲದೆ ಕೈಯಲ್ಲಿದೆ ಎಂದರೆ ಏನಾಗಿದೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಕೂಗುತ್ತಾ ನನ್ನ ಮುಂದೆಯೇ ಓಡಿದಳು. ಅವಳ ಕೂಗಿಗೆ ಅಪ್ಪನೂ ಅಕ್ಕಪಕ್ಕದ ಹೊಲದವರೂ ಓಡಿಬಂದರು.

ನಾವು ಹೋಗುವಷ್ಟರಲ್ಲಿ ಕುರಿಯವರ ಹುಡುಗಿ ಕೆಸರಿನಲ್ಲಿ ಕಾಲು ಚಾಚಿ ಕುಳಿತಿದ್ದಳು. ಅಕ್ಕನನ್ನು ನೀರಿನಿಂದ ಎಳೆದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖದ ಕೆಸರನ್ನು ತನ್ನ ಲಂಗದಿಂದ ಒರೆಸುತ್ತಿದ್ದಳು. "ಮಾತಾಡೇ, ಮಾತಾಡೇ" ಎನ್ನುತ್ತಿದ್ದಳು. ಯಾರೋ "ಅಯ್ಯೋ, ಬರಿಗೈಲಿ ಮುಟ್ಟವ್ಳೆ" ಎಂದು ಅವಳನ್ನು ಪಕ್ಕಕ್ಕೆ ತಳ್ಳಿದರು. ಅಪ್ಪ ನನ್ನಿಂದ ಬೀಗದಕೈ ಕಿತ್ತುಕೊಂಡು ಅಕ್ಕನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದ. ಬೆರಳು ಹಿಡಿಯಲಿಲ್ಲ. ಬೀಗದಕೈ ಕೆಸರಿಗೆ ಬಿತ್ತು. ಅಪ್ಪ ತೊಳೆದು ಮತ್ತೆ ಇಟ್ಟ. ಮತ್ತೆ ಬಿತ್ತು. ಎಷ್ಟು ಸಲ ಇಟ್ಟನೋ ನನಗೆ ನೆನಪಿಲ್ಲ.

ಅಕ್ಕನನ್ನು ತೋಟದ ಮೂಲೆಯಲ್ಲೇ ಮಣ್ಣು ಮಾಡಿದರು. ಬೀಗದಕೈ ಇದ್ದಿದ್ದರೆ ಉಳಿಯುತ್ತಿದ್ದಳು ಎಂದು ಬಂದವರೆಲ್ಲ ಹೇಳಿದರು. ಅಪ್ಪ ನನ್ನನ್ನು ಹೊಡೆದ, ಆಮೇಲೆ ತಬ್ಬಿಕೊಂಡು ಅತ್ತ. ಅಪ್ಪ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ದಿನ. ಬೀಗದಕೈ ಬಿಚ್ಚಿದ್ದು ಅಕ್ಕನೇ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಊರು ಅದಕ್ಕೂ ಅವಳನ್ನೇ ಅನ್ನುತ್ತಿತ್ತು. ಮರೆತು ಬಂದೆ ಎಂದೆ. ಬರಿಗೈಯಲ್ಲಿ ಮುಟ್ಟಿದವಳು ಊರಲ್ಲಿರಬಾರದು ಎಂದು ಕುರಿಯವರಿಗೆ ಮಾರನೆಯ ಬೆಳಗ್ಗೆಯೇ ಮಂದೆ ಎಬ್ಬಿಸಿಕೊಂಡು ಹೋಗಲು ಹೇಳಿದರು. ಆ ಹುಡುಗಿ ಹೋಗುವಾಗ ನಮ್ಮ ಮನೆಯ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದಳು.

ಬೀಗದಕೈ ಇಲ್ಲದ್ದಕ್ಕೇ ಅಕ್ಕ ಸತ್ತಳು ಎಂದು ನಾನು ಹದಿನೈದು ಇಪ್ಪತ್ತು ವರ್ಷ ನಂಬಿದ್ದೆ. ಅಷ್ಟರಲ್ಲಿ ಬಸ್ ಕಂಡಕ್ಟರ್ ಆಗಿದ್ದೆ. ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ಬಸ್ಸಿನಲ್ಲಿ ಒಂದು ದಿನ ಒಬ್ಬ ಹುಡುಗ ಮೂರ್ಛೆ ಬಂದು ಬಿದ್ದ. ಎಲ್ಲರಿಗಿಂತ ಮೊದಲು ಬೀಗದಕೈ ತೆಗೆದವನು ನಾನೇ. ನನ್ನ ಜೇಬಿನಲ್ಲಿ ಆಗಲೂ ಒಂದು ಇರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಒಬ್ಬ ನರ್ಸಮ್ಮ ನನ್ನ ಕೈಯನ್ನು ಆಚೆಗೆ ತಳ್ಳಿದರು. ಹುಡುಗನನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ತಮ್ಮ ಬ್ಯಾಗ್ ಇಟ್ಟು, ಗಡಿಯಾರ ನೋಡುತ್ತಾ ಕುಳಿತರು. ಮೂರು ನಿಮಿಷಕ್ಕೆ ಅವನು ಶಾಂತನಾದ.

"ಕಬ್ಬಿಣಕ್ಕೂ ಇದಕ್ಕೂ ಏನ್ರೀ ಸಂಬಂಧ? ಅದು ತಾನಾಗೇ ನಿಲ್ಲುತ್ತೆ. ಮುಟ್ಟಿದ್ರೆ ಅಂಟಲ್ಲ. ನೀರಲ್ಲೋ ಬೆಂಕಿ ಹತ್ರನೋ ಬಿದ್ರೆ ಆಚೆಗೆ ಎಳ್ಕೊಂಡ್ರೆ ಸಾಕು," ಎಂದರು. ಅವರು ಸಹಜವಾಗಿ ಹೇಳಿದ ಮಾತು. ನಾನು ವಿಸಿಲ್ ಊದುವುದನ್ನು ಮರೆತು ಬಾಗಿಲ ಕಂಬಿ ಹಿಡಿದು ನಿಂತುಬಿಟ್ಟೆ. ಆ ದಿನ ಗೊತ್ತಾಯಿತು. ಬೀಗದಕೈ ಬಿಟ್ಟು ಬಂದದ್ದು ತಪ್ಪೇ ಅಲ್ಲ. ಅದರಿಂದ ಅಕ್ಕನಿಗೆ ಒಂದು ಬೆಳಗ್ಗೆಯಾದರೂ ಸಂತೋಷ ಸಿಕ್ಕಿತ್ತು. ತಪ್ಪು ನಾನು ಅದನ್ನು ತರಲು ಓಡಿದ್ದು. ಆ ತಪ್ಪಿಗೆ ಮಾತ್ರ ನನ್ನನ್ನು ಯಾರೂ ಬೈದಿರಲಿಲ್ಲ.

ಇವತ್ತಿಗೂ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೀಗೆ ಬಿದ್ದರೆ ಹತ್ತು ಜನ ಜೇಬಿಗೆ ಕೈ ಹಾಕಿ ಬೈಕಿನ ಕೀ ತೆಗೆಯುತ್ತಾರೆ. ಪ್ಯಾಂಟು ಹಾಕಿದ, ಓದಿದ ಜನ. ಆ ಕೀಯಲ್ಲಿ ಅರ್ಧ ಪ್ಲಾಸ್ಟಿಕ್ಕೇ ಇರುತ್ತದೆ, ಅದೂ ಅವರಿಗೆ ಲೆಕ್ಕಕ್ಕಿಲ್ಲ! ನನಗೆ ಮೈಯೆಲ್ಲ ಉರಿದುಹೋಗುತ್ತದೆ. ನಡುವೆ ನುಗ್ಗಿ ಜಗಳಕ್ಕೆ ನಿಲ್ಲುತ್ತೇನೆ. ತಾತನಿಗೆ ಬಾಯಿ ಜಾಸ್ತಿ ಎಂದು ನಿಮ್ಮ ಅಪ್ಪ ನಿಮಗೆ ಹೇಳಿರುವುದು ಇದನ್ನು ನೋಡಿಯೇ.

ಹೋದ ವಾರ ನಿಮ್ಮಲ್ಲಿ ಚಿಕ್ಕವಳು ತುಮಕೂರಿನ ಉಪ್ಪಾರಹಳ್ಳಿಯ ಈ ಮನೆಗೆ ಸ್ಕೂಲಿನಿಂದ ಬಂದು, ಬ್ಯಾಗನ್ನು ಸೋಫಾದ ಮೇಲೆ ಎಸೆದಳು. ಕೀ ಚೈನುಗಳು ಗಲಗಲ ಎಂದವು, ನಾನು ಎಂದಿನಂತೆ ಸಿಡುಕಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಸುದ್ದಿ ಹೇಳತೊಡಗಿದಳು. ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗನಿಗೆ ಫಿಟ್ಸ್ ಬಂತಂತೆ. ಮಿಸ್ ಮೊದಲೇ ಹೇಳಿಕೊಟ್ಟಿದ್ದರಂತೆ. ಇವಳು ಬೆಂಚು ಸರಿಸಿ, ಅವನನ್ನು ಮಗ್ಗುಲಿಗೆ ತಿರುಗಿಸಿದಳಂತೆ. ವಾಚ್‌ಮನ್ ಕೀ ಗೊಂಚಲು ಹಿಡಿದು ಓಡಿಬಂದಾಗ ಮಿಸ್ ಅವನನ್ನು ಬಾಗಿಲಲ್ಲೇ ನಿಲ್ಲಿಸಿದರಂತೆ.

"ಆಮೇಲೆ?" ಎಂದೆ.

"ಆಮೇಲೆ ಏನ್ ತಾತ, ಎದ್ದ. ಮಧ್ಯಾಹ್ನ ನನ್ನ ಡಬ್ಬೀಲಿದ್ದ ಚಿತ್ರಾನ್ನ ಎಲ್ಲಾ ಖಾಲಿ ಮಾಡ್ದ."

"ನೀನು ಅವನನ್ನ ಮುಟ್ಟಿದ್ಯಾ?"

"ಹೂಂ. ತಲೆ ನೆಲಕ್ಕೆ ಬಡೀಬಾರ್ದಲ್ಲ. ಕೆಳಗೆ ಇಡೋಕೆ ಸ್ವೆಟರ್ ತರೋವರೆಗೂ ನನ್ ಕೈನೇ ಇಟ್ಟಿದ್ದೆ."

ಅವಳಿಗೆ ಈಗ ಎಂಟು ವರ್ಷ. ನಾನು ಅವಳ ಆ ಕೈಯನ್ನು ತೆಗೆದುಕೊಂಡು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡೆ. ಬೆರಳುಗಳಲ್ಲಿ ಸ್ಕೆಚ್ ಪೆನ್ನಿನ ಬಣ್ಣ, ಚಿತ್ರಾನ್ನದ ಅರಿಶಿನ. ಅವಳು ಕೈ ಎಳೆದುಕೊಳ್ಳತೊಡಗಿದಳು.

"ಬಿಡು ತಾತ, ಹೋಂವರ್ಕ್ ಇದೆ," ಎಂದಳು.

ನಾನು ಇನ್ನೂ ಸ್ವಲ್ಪ ಹೊತ್ತು ಬಿಡಲಿಲ್ಲ.