ಗಿರಿಜೆಯ ಪಾಸ್‌ವರ್ಡ್

ಗಟ್ಟಿ ಪಾಸ್‌ವರ್ಡ್ ಹೇಗಿರಬೇಕೆಂದು ಯಾರಾದರೂ ಉಪದೇಶ ಶುರುಮಾಡಿದರೆ ನನ್ನ ಕಣ್ಣು ನಿದ್ದೆಗೆ ಎಳೆಯತೊಡಗುತ್ತವೆ. ಅಂಕಿ ಇರಲಿ, ಚಿಹ್ನೆ ಇರಲಿ, ಮನೆಯವರ ಹೆಸರು ಮಾತ್ರ ಬೇಡ ಎನ್ನುತ್ತಾರೆ. ಹೂಂಗುಡುತ್ತಲೇ ನಾನು ಬೈಲಹೊಂಗಲದ ಒಂದು ಹಳೆಯ ಮಧ್ಯಾಹ್ನಕ್ಕೆ ಜಾರಿಬಿಡುತ್ತೇನೆ.

ಆಗ ಊರಿಗೆ ಸೈಬರ್ ಕೆಫೆ ಹೊಸತು. ದಾದಾಪೀರನ ಅಂಗಡಿಯಲ್ಲಿ ಮೂರು ಕಂಪ್ಯೂಟರು, ಒಂದು ಎಸ್‌ಟಿಡಿ ಫೋನು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಸಣ್ಣದೊಂದು ನಿದ್ದೆ ಮುಗಿಯುತ್ತಿತ್ತು. ಗುಟ್ಟಿನ ಪದವನ್ನು ಅಲ್ಲಿ ಯಾರೂ ಗುಟ್ಟಾಗಿ ಇಡುತ್ತಿರಲಿಲ್ಲ. "ಏನ್ ಇಡೂಣ್ರಿ?" ಎಂದು ದಾದಾಪೀರ ಕೇಳುವುದು, ಗಿರಾಕಿ ಗಟ್ಟಿಯಾಗಿ ಹೇಳುವುದು, ಸರದಿಗೆ ಕುಳಿತವರು "ಚಲೋ ಐತಿ" ಎಂದು ತಲೆದೂಗುವುದು. ನನ್ನ ಹೆಂಡತಿ ಗಿರಿಜೆ ಮಾತ್ರ ಬಾಯಿ ಬಿಡದೆ, ಒಂದೇ ಬೆರಳಿನಲ್ಲಿ ತಾನೇ ಒತ್ತಿದ್ದಳು.

ಅವಳು ತವರೂರು ಸಿರಸಂಗಿಗೆ ಹೋದಾಗ ತೊಡಕಾಯಿತು. ರಾಮದುರ್ಗದ ಶಾಲೆಯೊಂದು ಅವಳನ್ನು ಶಿಕ್ಷಕಿ ಕೆಲಸದ ಸಂದರ್ಶನಕ್ಕೆ ಇಮೇಲಿನಲ್ಲಿ ಕರೆದಿತ್ತು. ಸಂಜೆಯೊಳಗೆ ಉತ್ತರ ಬಾರದಿದ್ದರೆ ಬೇರೆಯವರನ್ನು ಕರೆಯುವುದಾಗಿ ನನಗೆ ಫೋನಿನಲ್ಲಿ ತಿಳಿಸಿದರು. ಬಿ.ಎಡ್. ಮುಗಿಸಿ ಆರು ವರ್ಷ ಅವಳು ಕಾದ ಕೆಲಸ. ಸಿರಸಂಗಿಗೆ ಲೈನು ಸಿಗುತ್ತಿರಲಿಲ್ಲ. ಕೆಫೆಯಲ್ಲಿ ಕುಳಿತು ಊಹಿಸತೊಡಗಿದೆ: ಮಗಳ ಹೆಸರು, ಅವಳೂರಿನ ದೇವಿಯ ಹೆಸರು, ಕೊನೆಗೆ ತವರಿನ ಎಮ್ಮೆಯ ಹೆಸರು. ಯಾವುದಕ್ಕೂ ಬಾಗಿಲು ತೆರೆಯಲಿಲ್ಲ.

ಅಂತೂ ಲೈನು ಸಿಕ್ಕಿತು. ಪಾಸ್‌ವರ್ಡ್ ಕೇಳಿದೆ.

"ಅದನ್ನ ಹೆಂಗ ಹೇಳಲಿರಿ? ಅಪ್ಪಾರು ಇಲ್ಲೇ ಕುಂತಾರ."

"ಹೊತ್ತಾಗಾಕ ಹತ್ತೇತಿ, ಹೇಳ."

ಅವಳು ಗಂಟಲು ಸರಿಮಾಡಿಕೊಂಡು, ಮದುವೆಯ ದಿನ ಹೆಂಗಸರು ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಕೇಳಿದಾಗಿನ ಅದೇ ಧಾಟಿಯಲ್ಲಿ ಒಡಪು ಹೇಳಿದಳು: "ಎಳ್ಳು ಬೆಲ್ಲ ಕಲಸಿ ಸಂಕ್ರಾಂತಿಗೆ ಹಂಚೇನಿ, ಬಸವರಾಜರ ಹೆಸರ ಹೇಳಾಕ ನಾ ಅಂಜೇನಿ."

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ಬಾಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದರೆ ಹೀಗೆ ಒಡಪಿನಲ್ಲಿ ಪೋಣಿಸುತ್ತಾರೆ. ಜನ್ಮದಲ್ಲಿ ತನ್ನ ಬಾಯಿಂದ ಜಾರದ ಮಾತೆಂದು ಗಿರಿಜೆ ಅದನ್ನೇ ಬೀಗ ಮಾಡಿದ್ದಳು. ಲೋಕದ ಕಣ್ಣಿಗೆ ಅದು ಸಡಿಲ ಬೀಗ, ಅವಳಿಗೆ ಅದಕ್ಕಿಂತ ಭದ್ರವಾದದ್ದು ಇರಲಿಲ್ಲ. ನನ್ನ ಹೆಸರನ್ನು ಒತ್ತಿದೆ. ಪರದೆಯ ಮೇಲೆ ಅದು ಅಕ್ಷರಕ್ಕೊಂದು ಚುಕ್ಕಿಯಾಗಿ ಮೂಡಿತು. ಇಷ್ಟು ದಿನ ಅವಳು ನನ್ನನ್ನು ಹೀಗೆ ಸದ್ದಿಲ್ಲದೆ ಕರೆಯುತ್ತಿದ್ದಳಲ್ಲ ಎಂದುಕೊಳ್ಳುತ್ತ, ಫ್ಯಾನಿನ ಗಾಳಿಯಲ್ಲಿ ಮೈಮರೆತು ಕುಳಿತೆ.

"ಸರ್, ಮೊದ್ಲು ಉತ್ತರ ಬರೀರಿ," ಎಂದು ದಾದಾಪೀರ ಎಚ್ಚರಿಸಿದ.

ಕೆಲಸ ಸಿಕ್ಕಿತು. ಗುಟ್ಟು ಬಯಲಾಯಿತೆಂದು ಅವಳು ಪಾಸ್‌ವರ್ಡ್ ಬದಲಿಸಿದಳು. ಒಂದು ಸಂಜೆ ಅಕ್ಕಿ ಆರಿಸುತ್ತ ಕೇಳಿದಳು: "ಅವತ್ತ ಯಾರ್ಯಾರ ಹೆಸರು ಹಾಕಿ ನೋಡಿದ್ರಿ?"

ಹೇಳಿದೆ.

"ನಂದು ಹಾಕಿ ನೋಡಲಿಲ್ಲೇನ್ರಿ?"

ಹೊಳೆದೇ ಇರಲಿಲ್ಲ. ಒಂಬತ್ತು ವರ್ಷ ಅವಳನ್ನು 'ಏ', 'ಇಲ್ಲೆ ಕೇಳ' ಎಂದಷ್ಟೇ ಕರೆದವನು ನಾನು. ನನಗೆ ಯಾವ ಪದ್ಧತಿಯೂ ಅಡ್ಡ ಬಂದಿರಲಿಲ್ಲ. ನಾಚಿಕೆಯಾಯಿತು.

ಮರುದಿನ ಬಾಗಿಲಲ್ಲಿ ನಿಂತು, ದನಿ ಕೂಡಿಸಿಕೊಂಡು "ಗಿರಿಜಾ" ಎಂದು ಕರೆದೆ. ಅವಳು ಒಲೆಯ ಮೇಲಿನ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಗಾಬರಿಯಿಂದ ಓಡಿ ಬಂದಳು.

"ಯಾಕ್ರಿ, ಏನಾತು?"