ಅಲ್ಯೂಮಿನಿಯಂ ವೈರಾಗ್ಯ

ಹಿಂದೂಪುರದಲ್ಲಿ ನಮ್ಮ ಎದುರುಮನೆಯವರು ಅಲ್ಯೂಮಿನಿಯಂ ಪಾತ್ರೆಗಳ ವ್ಯಾಪಾರಿಯಾಗಿದ್ದರು. ಯಾರ ಮನೆಗೆ ಹೋದರೂ ಕೈಗೆ ಸಿಕ್ಕ ಪಾತ್ರೆಯನ್ನು ಬೆರಳಿನಿಂದ ಬಡಿದು ಸದ್ದು ಕೇಳುವುದು ಅವರ ಅಭ್ಯಾಸ. ಅವರ ಕಿಡ್ನಿ ಕೆಟ್ಟು, ಕಲ್ಯಾಣದುರ್ಗದಲ್ಲಿದ್ದ ಅವರ ಅಕ್ಕ ಕೊಟ್ಟ ಕಿಡ್ನಿ ಹಾಕಿಸಿಕೊಂಡ ಮೇಲೆ ಡಾಕ್ಟರು, "ಡಯಾಲಿಸಿಸ್ ಮಾಡಿಸುತ್ತಿದ್ದಾಗ ಮೈಯಲ್ಲಿ ಅಲ್ಯೂಮಿನಿಯಂ ಸೇರಿಕೊಂಡಿದೆ; ಹೊಸ ಕಿಡ್ನಿ ಅದನ್ನು ಮೂತ್ರದಲ್ಲಿ ನಿಧಾನವಾಗಿ ಹೊರಹಾಕುತ್ತದೆ" ಎಂದಿದ್ದರಂತೆ.

ಇವರಿಗೆ ಆ ನಿಧಾನ ಸಹಿಸಲಾಗಲಿಲ್ಲ. ಮನೆಯಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿಸಿದರು. ಅಂಗಡಿಗೆ ಬಂದವರನ್ನೂ, "ವದ್ದಮ್ಮಾ, ಇವು ಬ್ಯಾಡ, ಸ್ಟೀಲ್ ತಗಳ್ಳಿ" ಎಂದು ಪಕ್ಕದ ಅಂಗಡಿಗೆ ಕಳಿಸತೊಡಗಿದರು. ನಾನು ನಕ್ಕರೆ, "ಒಳಗಿಂದು ಕಿಡ್ನಿ ನೋಡ್ಕತೈತೆ, ಹೊರಗಿಂದು ನಾನ್ ನೋಡ್ಕತೀನಿ ಕಣಪ್ಪ" ಎನ್ನುತ್ತಿದ್ದರು.

ಒಂದು ದಿನ ಅವರ ಅಕ್ಕ ತಮ್ಮನಿಗೆಂದು ಹುಳಿಯನ್ನ ಕಟ್ಟಿಕೊಂಡು ಬಂದರು. ಇವರು ಡಬ್ಬಿಯನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ, ಹಿಂದಕ್ಕೆ ತಳ್ಳಿದರು.

"ಅಕ್ಕಯ್ಯ, ಇದು ಅಲ್ಯೂಮಿನಿಯಂ."

ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತರು. "ನಾನು ಹುಟ್ಟಿದಾಗಿಂದ ಇಂಥದ್ರಾಗೇ ಉಂಡಿರೋದು ಕಣ್ಲಾ. ನನ್ ಕಿಡ್ನಿ ಇಸ್ಕಳೋವಾಗ, ಅಕ್ಕಯ್ಯ ನೀನು ಯಾವ ಪಾತ್ರೇಲಿ ಉಂಡಿದ್ದೀಯ ಅಂತ ಕೇಳಿದ್ಯಾ?"

ಇವರು ಊಟಕ್ಕೆ ಕೈ ತೊಳೆಯಲು ಎದ್ದರು.